ಹದಿನೆಂಟರ ಮುಖ

ಹಳ್ಳಿಯಲ್ಲಿ ಹಾಡು ಹೇಳುವ ಹೆಂಗಸಿನ ಯೌವನ ಯಾವಾಗ ಕಳೆಯಿತೆಂದು ಊರಿನಲ್ಲಿ ಯಾರೂ ಹೇಳಲಾರರು. ಮದುವೆಯ ಚಪ್ಪರದಲ್ಲಿ, ಬೀಸುವ ಕಲ್ಲಿನ ಮುಂದೆ, ನಾಟಿಯ ಗದ್ದೆಯಲ್ಲಿ ಅವಳ ಹಾಡು ಕೇಳಿದವರೆಲ್ಲ ಅವಳೊಡನೆಯೇ ಮುಪ್ಪಿನತ್ತ ನಡೆದವರು. ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಗೆ ಕಂಠದಲ್ಲಿ ಆದ ವ್ಯತ್ಯಾಸ ಕೂದಲೆಳೆಯಷ್ಟು. ಅಷ್ಟರಲ್ಲಿ ಕೇಳುವ ಕಿವಿಯೂ ಅಷ್ಟೇ ಸವೆದಿರುತ್ತದೆ. ಹೀಗೆ ನಷ್ಟವು ದಿನದಿನಕ್ಕೆ ಹಂಚಿಹೋಗುವುದರಿಂದ ಅದನ್ನು ನಷ್ಟವೆಂದು ಗುರುತಿಸುವ ಸಂದರ್ಭವೇ ಒದಗುವುದಿಲ್ಲ. ಹರೆಯದಲ್ಲಿ ಹೇಗಿದ್ದಳೆಂದು ಕೇಳಿದರೆ ಹಿರಿಯರು ತುಸು ಹೊತ್ತು ಸುಮ್ಮನಿದ್ದು, ಬಲು ಚೆಲುವೆ ಎಂದಷ್ಟೇ ಹೇಳುತ್ತಾರೆ. ಆ ಚೆಲುವಿಗೆ ಅವರ ನೆನಪಲ್ಲದೆ ಬೇರೆ ಸಾಕ್ಷಿಯಿಲ್ಲ. ಅವರು ಹೋದಾಗ ಅದೂ ಹೋಗುತ್ತದೆ. ಜನಪದ ಗಾಯನದ ಚರಿತ್ರೆ ಬಹುಪಾಲು ಹೀಗೆಯೇ, ಮುಖವಿಲ್ಲದೆ ನಡೆದುಬಂದಿದೆ. ಧ್ವನಿಮುದ್ರಣವೂ ಛಾಯಾಚಿತ್ರವೂ ಬಂದ ಮೇಲೆ ಮನುಷ್ಯರಿಗೆ ಒಂದು ಹೊಸ ಬಗೆಯ ದುಃಖ ದೊರಕಿತು. ಹದಿನೆಂಟರ ಗಾಯಕಿಯೂ ಎಪ್ಪತ್ತೆಂಟರ ಗಾಯಕಿಯೂ ಒಂದೇ ಸಂಜೆ, ಒಂದೇ ಕೋಣೆಯಲ್ಲಿ ಅಕ್ಕಪಕ್ಕ ಬಂದು ನಿಲ್ಲುವಂತಾಯಿತು. ಕಾಲ ಎಷ್ಟನ್ನು ಕೊಂಡೊಯ್ದಿದೆ ಎಂದು ಅಳೆಯಲು ಒಂದು ಅಳತೆಗೋಲು ಕೈಗೆ ಬಂತು. ಅದು ಬಂದದ್ದು ಒಳಿತೋ ಅಲ್ಲವೋ ಎಂಬ ಪ್ರಶ್ನೆ ಬಹುಕಾಲದಿಂದ ನನ್ನ ಜೊತೆಗಿದೆ.

ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ಅಮೆರಿಕದ ಜನಪದ ಗಾಯಕಿ ಜೋನ್ ಬಯೆಜ್ ಅವರಿಂದ. ನನಗೆ ಮೊದಲು ಪರಿಚಯವಾದದ್ದು ಧ್ವನಿ. ಯಾರೋ ಪ್ರತಿ ಮಾಡಿಕೊಟ್ಟ, ಹೊದಿಕೆಯ ಮೇಲೆ ಚಿತ್ರವೇ ಇಲ್ಲದ ಒಂದು ಕ್ಯಾಸೆಟ್ಟಿನ ಮೂಲಕ. ಆ ಧ್ವನಿಗೆ ತಕ್ಕ ಮುಖವೊಂದನ್ನು ಮನಸ್ಸು ತಾನೇ ಕಲ್ಪಿಸಿಕೊಂಡಿತ್ತು. ಬಹಳ ವರ್ಷಗಳ ಮೇಲೆ 1960ರ ಸುಮಾರಿನ ಛಾಯಾಚಿತ್ರಗಳನ್ನು ಕಂಡಾಗ ಆ ಕಲ್ಪನೆಯ ಮುಖ ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲ. ಹೆಗಲಿನಿಂದ ಕೆಳಗಿಳಿದ ಕಪ್ಪು ಕೂದಲು, ಕಂದು ಮೈಬಣ್ಣ, ಹಾಡುವಾಗ ಬಾಗಿದ ರೆಪ್ಪೆ, ಅಲಂಕಾರದ ಸುಳಿವೂ ಇಲ್ಲದ ಉಡುಪು. ಹಾಡಿನ ಹೊತ್ತಿನಲ್ಲಿ ಆ ಮುಖದಲ್ಲಿ ನಗುವಿಲ್ಲ. ಹಾಡು ಮುಗಿದ ಕೂಡಲೇ, ಬಾಲ್ಯ ಇನ್ನೂ ಬಿಟ್ಟುಹೋಗಿಲ್ಲವೆಂಬಂತೆ ಥಟ್ಟನೆ ಅರಳುವ ನಗೆಯೊಂದು ಹಳೆಯ ಚಲನಚಿತ್ರದ ತುಣುಕುಗಳಲ್ಲಿ ಕಾಣುತ್ತದೆ. ಗಾಯಕಿಯ ರೂಪವನ್ನು ಹೊಗಳುವಾಗ ಸಂಕೋಚವಾಗುವುದು ಸಹಜ; ಗಾಯನಕ್ಕೆ ಸಲ್ಲಬೇಕಾದ ಗೌರವವನ್ನು ಮುಖಕ್ಕೆ ಸಲ್ಲಿಸಿದಂತಾಗುವುದಲ್ಲ ಎಂದು. ಆದರೆ ಆ ದಿನಗಳಲ್ಲಿ ಆಕೆಯನ್ನು ಕಂಡವರು ರೂಪವನ್ನೂ ಕಂಠವನ್ನೂ ಬೇರೆ ಬೇರೆಯಾಗಿ ನೆನೆಯುವುದಿಲ್ಲ. ಆಕೆ ಹಾಡಿದಳು ಎಂದು ಹೇಳಹೊರಟವರು ಆಕೆ ನಿಂತ ಬಗೆಯನ್ನು ಹೇಳಿ ಮುಗಿಸುತ್ತಾರೆ.

1959ರ ಜುಲೈ ತಿಂಗಳಲ್ಲಿ ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟ್ ಎಂಬ ಕಡಲತಡಿಯ ಊರಿನಲ್ಲಿ ಜನಪದ ಸಂಗೀತೋತ್ಸವ ಮೊದಲ ಬಾರಿಗೆ ನಡೆಯಿತು. ಆಹ್ವಾನಿತರ ಪಟ್ಟಿಯಲ್ಲಿ ಆಕೆಯ ಹೆಸರಿರಲಿಲ್ಲ. ಬಾಬ್ ಗಿಬ್ಸನ್ ಎಂಬ ಗಾಯಕ ತನ್ನ ಸರದಿಯ ನಡುವೆ ಆಕೆಯನ್ನು ವೇದಿಕೆಗೆ ಕರೆದ. ಇಬ್ಬರೂ ಸೇರಿ ಎರಡು ಹಾಡು ಹಾಡಿದರು. ಆಗ ಆಕೆಗೆ ಹದಿನೆಂಟು. ಹಿಂದಿನ ವರ್ಷವಷ್ಟೇ ತಂದೆಗೆ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಕೆಲಸ ದೊರೆತು ಸಂಸಾರ ಬಾಸ್ಟನ್ನಿನ ಬಳಿಗೆ ಬಂದಿತ್ತು. ಕೇಂಬ್ರಿಡ್ಜಿನ ಕ್ಲಬ್ 47 ಎಂಬ ಪುಟ್ಟ ಕಾಫಿಗೃಹದಲ್ಲಿ ಬೆರಳೆಣಿಕೆಯ ಜನರೆದುರು ಹಾಡುತ್ತಿದ್ದ ಹುಡುಗಿ ಈಗ ಸಾವಿರಾರು ಜನರ ಮುಂದೆ ನಿಂತಿದ್ದಳು. ಆ ಕಾಲದ ಅಮೆರಿಕದ ವೇದಿಕೆಯಲ್ಲಿ ಗಾಯಕಿ ಎಂದರೆ ಎತ್ತರಕ್ಕೆ ಕಟ್ಟಿದ ಕೇಶ, ಹೊಳೆಯುವ ನಿಲುವಂಗಿ, ತುಟಿಯ ಬಣ್ಣ, ಅಭ್ಯಾಸ ಮಾಡಿದ ಮಂದಹಾಸ. ಇವೊಂದೂ ಇಲ್ಲದ ಆಕೆ ಅಲುಗಾಡದೆ ನಿಂತು, ಕಣ್ಣು ಮುಚ್ಚಿ, ಗಿಟಾರಿನ ಮೇಲೆ ಬೆರಳಾಡಿಸುತ್ತ ಹಾಡುತ್ತಿದ್ದಳು. ಎದುರಿಗಿದ್ದವರನ್ನು ಮೆಚ್ಚಿಸುವ ಯಾವ ಪ್ರಯತ್ನವೂ ಆ ನಿಲುವಿನಲ್ಲಿರಲಿಲ್ಲ. ಅದೇ ಎಲ್ಲರ ಮನಸ್ಸನ್ನು ಸೆಳೆದಿರಬೇಕು. ಮುಂದಿನ ವರ್ಷಗಳಲ್ಲಿ ಕಾಲೇಜಿನ ಹುಡುಗಿಯರು ಆಕೆಯಂತೆಯೇ ಕೂದಲನ್ನು ನೇರವಾಗಿ ಇಳಿಬಿಡತೊಡಗಿದರು. ಕೂದಲನ್ನು ಅನುಕರಿಸಬಹುದು. ಆ ನಿಶ್ಚಲತೆಯನ್ನು ಅನುಕರಿಸಲು ಬರುವುದಿಲ್ಲ.

ಆಕೆ ಹಾಡುತ್ತಿದ್ದ ಹಾಡುಗಳ ಬಗ್ಗೆ ಯೋಚಿಸಿದಾಗ ಆ ಚೆಲುವಿನ ಇನ್ನೊಂದು ಮಗ್ಗುಲು ತೆರೆದುಕೊಳ್ಳುತ್ತದೆ. ಮೊದಲ ಧ್ವನಿಮುದ್ರಿಕೆ 1960ರಲ್ಲಿ, ನ್ಯೂಯಾರ್ಕಿನ ಮ್ಯಾನ್‌ಹಾಟನ್ ಟವರ್ಸ್ ಎಂಬ ಹೋಟೆಲಿನ ನೃತ್ಯಶಾಲೆಯಲ್ಲಿ ಸಿದ್ಧವಾಯಿತು. ಒಂದು ಕಂಠ, ಒಂದು ಗಿಟಾರು. ಕೆಲವು ಹಾಡುಗಳಿಗೆ ಮಾತ್ರ ಇನ್ನೊಂದು ಗಿಟಾರಿನ ಜೊತೆ. ಅದರಲ್ಲಿದ್ದ ಹಲವು ಹಾಡುಗಳು ಸಮುದ್ರ ದಾಟಿ ಬಂದ ಹಳೆಯ ಕಥನಗೀತೆಗಳು. ಹಾರ್ವರ್ಡಿನ ಪ್ರಾಧ್ಯಾಪಕ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಥ 305 ಕಥನಗೀತೆಗಳನ್ನು ಪಾಠಾಂತರಗಳ ಸಮೇತ ಸಂಗ್ರಹಿಸಿದ್ದ. ಆ ಸಂಗ್ರಹದ ‘ಮೇರಿ ಹ್ಯಾಮಿಲ್ಟನ್’ ರಾಣಿಯ ಸಖಿಯೊಬ್ಬಳ ಕಥೆ. ಅರಸನಿಂದ ಗರ್ಭ ಧರಿಸಿ, ಹೆತ್ತ ಕೂಸನ್ನು ನೀರಿಗೆ ಒಪ್ಪಿಸಿ, ಗಲ್ಲಿಗೇರುವ ಹೆಣ್ಣು ಅವಳು. ಈ ಬಗೆಯ ಹಾಡುಗಳಲ್ಲಿ ಯಾವ ಹುಡುಗಿಯೂ ಮುದುಕಿಯಾಗುವುದಿಲ್ಲ. ಪ್ರೀತಿಸುತ್ತಾಳೆ, ಮೋಸಹೋಗುತ್ತಾಳೆ, ಹೊಳೆಗೋ ಕತ್ತಿಗೋ ನೇಣಿಗೋ ಸಲ್ಲುತ್ತಾಳೆ. ನಮ್ಮ ‘ಕೆರೆಗೆ ಹಾರ’ದ ಭಾಗೀರಥಿಯೂ ಇವರ ಸಾಲಿನಲ್ಲಿ ನಿಲ್ಲತಕ್ಕವಳು, ಅವಳ ಪ್ರಾಯ ಆ ಕೆರೆಯ ಮೆಟ್ಟಿಲುಗಳ ಮೇಲೆಯೇ ನಿಂತುಹೋಗಿದೆ. ಹೀಗೆ ಹರೆಯದಲ್ಲೇ ಮುಗಿದುಹೋದ ಹೆಣ್ಣುಗಳ ಕಥೆಯನ್ನು ಹರೆಯದ ಹುಡುಗಿಯೊಬ್ಬಳು ಹೇಳುವಾಗ, ಕೇಳುವವರ ಮನಸ್ಸಿನಲ್ಲಿ ಹೇಳುವವಳೂ ಕಥೆಯ ಹೆಣ್ಣೂ ಒಂದಾಗಿಬಿಡುತ್ತಾರೆ. ಆಕೆಯ ರೂಪಕ್ಕೆ ವಿಷಾದದ ನೆರಳೊಂದು ಅಂಟಿಕೊಂಡದ್ದು ಹೀಗೆ. ಇನ್ನೂ ಏನನ್ನೂ ಕಳೆದುಕೊಳ್ಳದ ಮುಖ ಎಲ್ಲವನ್ನೂ ಕಳೆದುಕೊಂಡವರ ಮಾತನ್ನು ಆಡುತ್ತಿತ್ತು. ಆ ಧ್ವನಿ ಅತಿಯಾಗಿ ಪರಿಶುದ್ಧ, ನೋವಿನ ಒರಟುತನ ಅದರಲ್ಲಿಲ್ಲ ಎಂದು ನನಗೂ ಕೆಲವೊಮ್ಮೆ ಅನಿಸಿದ್ದುಂಟು. ಹದಿನೆಂಟು, ಹತ್ತೊಂಬತ್ತರ ಕಂಠದಲ್ಲಿ ಒರಟುತನ ಎಲ್ಲಿಂದ ಬರಬೇಕು?

ನೋಡುವವರಿಗೆ ಕಂಡ ಈ ಚೆಲುವು ಅದನ್ನು ಹೊತ್ತಿದ್ದವಳಿಗೆ ಕಂಡಿರಲಿಲ್ಲ. ತಂದೆ ಆಲ್ಬರ್ಟ್ ಬಯೆಜ್ ಮೆಕ್ಸಿಕೋದ ಪ್ವೇಬ್ಲಾದಲ್ಲಿ ಹುಟ್ಟಿದವರು, ಕ್ಷಕಿರಣ ಸೂಕ್ಷ್ಮದರ್ಶಕದ ನಿರ್ಮಾಣದಲ್ಲಿ ಪಾಲುಗೊಂಡ ಭೌತವಿಜ್ಞಾನಿ. ತಾಯಿ ಎಡಿನ್‌ಬರೋದಲ್ಲಿ ಹುಟ್ಟಿದವರು. ಮೂವರು ಹೆಣ್ಣುಮಕ್ಕಳಲ್ಲಿ ನಡುವಿನವಳಾದ ಜೋನ್‌ಗೆ ತಂದೆಯ ಮೈಬಣ್ಣ ಬಂದಿತ್ತು. ಕ್ಯಾಲಿಫೋರ್ನಿಯಾದ ರೆಡ್‌ಲ್ಯಾಂಡ್ಸ್ ಊರಿನ ಶಾಲೆಯಲ್ಲಿ ಬಿಳಿಯ ಮಕ್ಕಳು ಆಕೆಯನ್ನು ಕಂದುಬಣ್ಣಕ್ಕಾಗಿ ದೂರವಿಟ್ಟರು; ಸ್ಪ್ಯಾನಿಷ್ ಬಾರದೆಂದು ಮೆಕ್ಸಿಕನ್ ಮಕ್ಕಳೂ ಸೇರಿಸಿಕೊಳ್ಳಲಿಲ್ಲ. ಎರಡೂ ಗುಂಪುಗಳಿಗೆ ಸಲ್ಲದ ಹುಡುಗಿ ಸಂಗೀತದ ಮೂಲಕವಾದರೂ ಒಪ್ಪಿತಳಾಗಲು ಹೊರಟಳು. ಆ ಪ್ರಸಿದ್ಧ ಕಂಪಿತ ಸ್ವರ ಹುಟ್ಟಿನಿಂದ ಬಂದದ್ದಲ್ಲ. ಗಂಟಲಿನ ಮೇಲೆ ಬೆರಳಿಟ್ಟು, ಅದನ್ನು ಮೇಲಕ್ಕೂ ಕೆಳಕ್ಕೂ ಅಲುಗಿಸುತ್ತ, ನೇರವಾಗಿ ಹೊರಡುತ್ತಿದ್ದ ಸ್ವರವನ್ನು ನಡುಗಿಸಲು ಕಲಿತೆನೆಂದು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಬಾಗಿಲು ಮುಚ್ಚಿಕೊಂಡು, ಗಂಟಲಿಗೆ ಬೆರಳೊತ್ತಿ ಒಂದೇ ಸ್ವರವನ್ನು ಮತ್ತೆ ಮತ್ತೆ ಎಳೆಯುತ್ತಿದ್ದ ಆ ಬಾಲಕಿ ನನಗೆ ನ್ಯೂಪೋರ್ಟಿನ ಗಾಯಕಿಗಿಂತ ಹೆಚ್ಚು ಆಪ್ತಳು. ಆಕೆಗೆ ಬಾಲ್ಯದಿಂದಲೇ ಕಾರಣವಿಲ್ಲದ ಭಯ ಆವರಿಸುತ್ತಿತ್ತು. ಎದೆ ಹೊಡೆದುಕೊಳ್ಳುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ಪ್ರಸಿದ್ಧಿ ಬಂದ ಮೇಲೂ ಆ ಭಯ ಬಿಡಲಿಲ್ಲ. ಸಾವಿರಾರು ಜನ ಕಂಡ ನಿಶ್ಚಲತೆಯ ಒಳಗೆ ಅಂಥ ನಡುಕವಿತ್ತು. ಜನ ಮೆಚ್ಚಿ ಮನೆಗೆ ಒಯ್ದ ರೂಪ, ಆ ರೂಪದ ಒಡತಿ ಕನ್ನಡಿಯಲ್ಲಿ ಕಂಡ ರೂಪ, ಇವೆರಡೂ ಒಂದೇ ಆಗಿರಲಿಲ್ಲ. ಯೌವನ ಅದನ್ನು ಹೊತ್ತವರ ಅನುಭವಕ್ಕೆ ದಕ್ಕುವುದು ಬಹಳ ಕಡಿಮೆ. ಅದರ ಹೆಚ್ಚಿನ ಪಾಲು ಎದುರಿಗೆ ಕುಳಿತವರಿಗೇ ಸಂದುಹೋಗುತ್ತದೆ.

1965ರ ವಸಂತದಲ್ಲಿ ಗಾಯಕ ಬಾಬ್ ಡಿಲನ್ ಇಂಗ್ಲೆಂಡಿನಲ್ಲಿ ಪ್ರವಾಸ ಮಾಡಿದಾಗ ಆಕೆಯೂ ಜೊತೆಗಿದ್ದಳು. ಡಿ. ಎ. ಪೆನೆಬೇಕರ್ ಆ ಪ್ರವಾಸವನ್ನು ಕಪ್ಪು ಬಿಳುಪಿನಲ್ಲಿ ಚಿತ್ರೀಕರಿಸಿದ. ಅದರಲ್ಲಿ ಹೋಟೆಲಿನ ಕೋಣೆಯ ದೃಶ್ಯವೊಂದಿದೆ. ಡಿಲನ್ ಬೆರಳಚ್ಚು ಯಂತ್ರದ ಮುಂದೆ ಕುಳಿತು ಏನನ್ನೋ ಬರೆಯುತ್ತಿದ್ದಾನೆ. ಆಕೆ ಗಿಟಾರು ಹಿಡಿದು, ಅವನೇ ರಚಿಸಿದ ಹಾಡುಗಳನ್ನು, ವೇದಿಕೆಯ ಗಾಂಭೀರ್ಯವಿಲ್ಲದೆ, ಮನೆಯೊಳಗೆ ಹಾಡಿಕೊಳ್ಳುವ ಹಾಗೆ ಮೆಲ್ಲನೆ ಹಾಡುತ್ತಾಳೆ. ಒಂದು ಹಾಡಿನ ಕೊನೆಯಲ್ಲಿ, ಇದನ್ನು ನೀನಿನ್ನೂ ಮುಗಿಸಿಲ್ಲ ಎಂದು ಅವನಿಗೆ ನೆನಪಿಸುತ್ತಾಳೆ. ಅವನ ಗಮನ ಕಾಗದದ ಮೇಲಿದೆ. ಯಂತ್ರದ ಸದ್ದೂ ಆಕೆಯ ದನಿಯೂ ಒಂದರೊಳಗೊಂದು ಬೆರೆತು ಕೇಳುತ್ತವೆ. ಆಗ ಇಬ್ಬರಿಗೂ ಇಪ್ಪತ್ತನಾಲ್ಕರ ಆಸುಪಾಸು. ಎರಡು ವರ್ಷಗಳ ಹಿಂದೆ ಅಷ್ಟಾಗಿ ಪರಿಚಿತನಲ್ಲದ ಅವನನ್ನು ತನ್ನ ವೇದಿಕೆಗೆ ಕರೆದು ಸಾವಿರಾರು ಜನರಿಗೆ ಪರಿಚಯಿಸಿದವಳು ಆಕೆ; ಈ ಪ್ರವಾಸದಲ್ಲಿ ಅವನು ತನ್ನ ವೇದಿಕೆಗೆ ಆಕೆಯನ್ನು ಕರೆಯಲಿಲ್ಲ. ಪ್ರೀತಿಯೊಂದು ಮುಗಿಯುತ್ತಿರುವುದು ನೋಡುವ ನಮಗೆ ತಿಳಿದಿದೆ, ಆ ಕೋಣೆಯಲ್ಲಿದ್ದವರಿಗೆ ಇನ್ನೂ ಪೂರ್ತಿಯಾಗಿ ತಿಳಿದಿಲ್ಲ. ಮುಗಿಯದ ಆ ಹಾಡನ್ನು ಆಕೆ ಮೂರು ವರ್ಷಗಳ ಮೇಲೆ ತನ್ನ ಧ್ವನಿಯಲ್ಲಿ ಮುದ್ರಿಸಿದಳು. ರಚಿಸಿದವನು ಅದನ್ನು ಎಂದೂ ಮುದ್ರಿಸಲಿಲ್ಲ. ನನಗೆ ಆಕೆಯ ಸೌಂದರ್ಯ ಅತ್ಯಂತ ನಿಜವಾಗಿ ಕಾಣುವುದು ಈ ಕೆಲವೇ ನಿಮಿಷಗಳಲ್ಲಿ. ನ್ಯೂಪೋರ್ಟಿನ ಮುಖ ಜನರಿಗೆ ಎದುರಾಗಿ ನಿಂತದ್ದು. ಇಲ್ಲಿ ಆಕೆ ನೋಡುತ್ತಿರುವುದು ಒಬ್ಬನನ್ನು, ಅವನು ನೋಡುತ್ತಿಲ್ಲ.

ಮರುವರ್ಷದ ಏಪ್ರಿಲ್ 30ರಂದು ಕ್ಯಾಲಿಫೋರ್ನಿಯಾದ ಕಾರ್ಮೆಲ್ ಬಳಿ ರಿಚರ್ಡ್ ಫರೀನಾ ಬೈಕ್ ಅಪಘಾತದಲ್ಲಿ ತೀರಿಕೊಂಡ. ಅವನು ಜೋನ್‌ಳ ತಂಗಿ ಮಿಮಿಯ ಗಂಡ, ಹಾಡುಗಾರ, ಕಾದಂಬರಿಕಾರ. ಮೊದಲ ಕಾದಂಬರಿ ಆಗಷ್ಟೇ ಪ್ರಕಟವಾಗಿತ್ತು. ಅಂದು ಮಿಮಿಗೆ ಇಪ್ಪತ್ತೊಂದನೆಯ ಹುಟ್ಟುಹಬ್ಬ. ಫರೀನಾನಿಗೆ ಈಗಲೂ ಇಪ್ಪತ್ತೊಂಬತ್ತೇ. ಅವನ ಎಲ್ಲ ಚಿತ್ರಗಳೂ ಗುಂಗುರು ಕೂದಲಿನ, ಉತ್ಸಾಹ ತುಂಬಿದ ಯುವಕನವೇ. ಅಕ್ಕನಿಗಿಂತಲೂ ಸುಂದರಿ ಎಂದು ಹಲವರು ಹೇಳುತ್ತಿದ್ದ ಮಿಮಿ ಮುಂದೆ ಸೆರೆಮನೆಗಳಲ್ಲಿ, ಆಸ್ಪತ್ರೆಗಳಲ್ಲಿ ಸಂಗೀತ ಏರ್ಪಡಿಸುವ ಸಂಸ್ಥೆ ಕಟ್ಟಿ, 2001ರಲ್ಲಿ ಕ್ಯಾನ್ಸರಿನಿಂದ ಹೋದಳು. ಸತ್ತವರ ಯೌವನಕ್ಕೆ ಒಂದು ಬಗೆಯ ಸುರಕ್ಷತೆಯಿದೆ. ಬದುಕುಳಿದವರಿಗೆ ಆ ಸುರಕ್ಷತೆಯಿಲ್ಲ. ಅವರು ಪ್ರತಿವರ್ಷವೂ ತಮ್ಮ ಹಳೆಯ ಚಿತ್ರದಿಂದ ಒಂದು ಹೆಜ್ಜೆ ದೂರ ಸರಿಯಬೇಕು, ಆ ಸರಿಯುವಿಕೆಯನ್ನು ಲೋಕ ನೋಡುತ್ತಿರುತ್ತದೆ.

ಆಕೆ ತನ್ನ ಯೌವನವನ್ನು ಕಾಪಾಡಿಕೊಳ್ಳಲು ಹೋಗಲಿಲ್ಲ, ವ್ಯಯಿಸಿದಳು. 1962ರ ನವೆಂಬರಿನಲ್ಲಿ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ರಸೆಲ್ ಹೋಬನ್ ಬರೆದ ಆಕೆಯ ಚಿತ್ರ ಪ್ರಕಟವಾದಾಗ ಆಕೆಗೆ ಇಪ್ಪತ್ತೊಂದು. ಅಂಥ ಮುಖವನ್ನು ಮಾರಿಕೊಂಡು ಬಾಳಲು ಎಷ್ಟೋ ದಾರಿಗಳಿದ್ದವು. ಆದರೆ ಹದಿಹರೆಯದಲ್ಲೇ ಪಾಲೊ ಆಲ್ಟೊದ ಕ್ವೇಕರ್ ಸಭೆಯಲ್ಲಿ ಐರಾ ಸ್ಯಾಂಡ್‌ಪರ್ಲ್ ಎಂಬ ಗುರು ಆಕೆಗೆ ಗಾಂಧಿಯವರ ಬರಹಗಳನ್ನು ಓದಿಸಿದ್ದರು. ಸಾಬರಮತಿಯ ವಿಚಾರ ಯಾವ ಯಾವ ದಾರಿ ಹಿಡಿದು ಎಲ್ಲಿಯ ಹುಡುಗಿಯನ್ನು ಮುಟ್ಟಿತೆಂದು ನೆನೆದರೆ ವಿಸ್ಮಯವಾಗುತ್ತದೆ. 1964ರಲ್ಲಿ ಆಕೆ ಸೈನ್ಯದ ವೆಚ್ಚಕ್ಕೆ ಹೋಗುವ ಪಾಲಿನ ತೆರಿಗೆ ಕಟ್ಟಲು ನಿರಾಕರಿಸಿದಳು. ಮರುವರ್ಷ ಕಾರ್ಮೆಲ್ ಕಣಿವೆಯಲ್ಲಿ ಅಹಿಂಸೆಯ ಅಧ್ಯಯನಕ್ಕೆಂದು ಸಂಸ್ಥೆ ತೆರೆದಳು. 1967ರಲ್ಲಿ ಓಕ್‌ಲ್ಯಾಂಡಿನ ಸೇನಾ ಭರ್ತಿ ಕೇಂದ್ರದ ಬಾಗಿಲಲ್ಲಿ ಧರಣಿ ಕುಳಿತು ಸೆರೆಮನೆಗೆ ಹೋದಳು. ತಾಯಿಯೂ ಜೊತೆಗೆ ಹೋದರು. 1969ರ ಆಗಸ್ಟಿನಲ್ಲಿ ವುಡ್‌ಸ್ಟಾಕ್ ಉತ್ಸವದ ಮೊದಲ ರಾತ್ರಿಯ ಕೊನೆಗೆ ಹಾಡಿದಾಗ ಆರು ತಿಂಗಳ ಗರ್ಭಿಣಿ. ಯುದ್ಧಕ್ಕೆ ಹೋಗಲು ಒಪ್ಪದ ಗಂಡ ಡೇವಿಡ್ ಹ್ಯಾರಿಸ್ ಆಗ ಸೆರೆಯಲ್ಲಿದ್ದ. 1972ರ ಡಿಸೆಂಬರಿನಲ್ಲಿ ಹನೋಯ್ ನಗರದ ಮೇಲೆ ಅಮೆರಿಕದ ವಿಮಾನಗಳು ಬಾಂಬು ಸುರಿಸಿದ ಹನ್ನೊಂದು ದಿನವೂ ಆಕೆ ಆ ನಗರದಲ್ಲಿದ್ದಳು. ಆ ಹೊತ್ತಿಗೆ ಉದ್ದ ಕೂದಲು ಎಂದೋ ಹೋಗಿತ್ತು. ಕೂದಲು ಕತ್ತರಿಸಿಕೊಂಡ ಚಿತ್ರಗಳನ್ನು ಕಂಡು ಬೇಸರಪಟ್ಟ ಅಭಿಮಾನಿಗಳು ಖಂಡಿತ ಇದ್ದಿರಬೇಕು. ಅವರ ಬೇಸರವನ್ನು ನಾನು ಹಗುರವಾಗಿ ಕಾಣಲಾರೆ. ಪ್ರೀತಿಸಿದ ಮುಖವೊಂದು ಬದಲಾದಾಗ ಮೋಸಹೋದಂತೆ ಅನಿಸುವುದು ಮನುಷ್ಯಸಹಜ.

1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನ ಮಹಾಮೆರವಣಿಗೆಯಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಕನಸಿನ ಭಾಷಣ ಮಾಡಿದ ದಿನ, ಎರಡೂವರೆ ಲಕ್ಷ ಜನರ ನಡುವೆ ಆಕೆ ಹಾಡಿಸಿದ ಹಾಡು ‘ವಿ ಷಲ್ ಓವರ್‌ಕಮ್’. ಕರಿಯರ ಇಗರ್ಜಿಗಳ ಸ್ತುತಿಗೀತೆಯೊಂದರಿಂದ ಮೂಡಿ, 1945ರಲ್ಲಿ ಚಾರ್ಲ್ಸ್‌ಟನ್ನಿನ ತಂಬಾಕು ಕಾರ್ಖಾನೆಯ ಮುಷ್ಕರದಲ್ಲಿ ಹೆಣ್ಣಾಳುಗಳ ಬಾಯಲ್ಲಿ ಹೊಸ ರೂಪ ಪಡೆದು, ಪೀಟ್ ಸೀಗರ್ ಮೊದಲಾದವರ ಕೈ ದಾಟಿ ಆಕೆಯವರೆಗೆ ಬಂದ ಹಾಡು ಅದು. ಅದೇ ಹಾಡನ್ನು ನಮ್ಮ ನಾಡಿನ ಶಾಲಾಮಕ್ಕಳು ಹಿಂದಿಯಲ್ಲಿ ಹಾಡುತ್ತಾರೆ. ರೈತರ, ದಲಿತರ ಸಭೆಗಳಲ್ಲಿ ಅದರ ಕನ್ನಡ ರೂಪವನ್ನು ನಾನು ಕೇಳಿದ್ದೇನೆ. ಹಾಡುವವರಲ್ಲಿ ಬಹುಮಂದಿಗೆ ಆಕೆಯ ಹೆಸರು ತಿಳಿಯದು, ಚಾರ್ಲ್ಸ್‌ಟನ್ನಿನ ಹೆಣ್ಣಾಳುಗಳ ಸುದ್ದಿಯಂತೂ ಮೊದಲೇ ಗೊತ್ತಿಲ್ಲ. ಹಾಡು ಮುಖಗಳನ್ನು ಒಂದೊಂದಾಗಿ ಬಿಟ್ಟು ಮುಂದೆ ಹೋಗಿದೆ. ಜನಪದ ಗಾಯಕರ ಪಾಲಿಗೆ ಇದು ಹಳೆಯ ಕಟ್ಟಳೆ. ಆದರೆ ಯಂತ್ರಗಳ ಯುಗದಲ್ಲಿ ಹುಟ್ಟಿದ ಗಾಯಕಿಗೆ ಎರಡೂ ಒಟ್ಟಿಗೆ ಒದಗಿದವು. ಹಾಡು ಆಕೆಯನ್ನು ಮರೆತು ಎಲ್ಲಿಗೋ ಹೋಯಿತು. ಮುಖವನ್ನು ಮಾತ್ರ ಕಾಲ 1963ರ ಆ ಮೆರವಣಿಗೆಯಲ್ಲಿ, ಹತ್ತಿರದಲ್ಲಿ ನಿಂತ ಡಿಲನ್ನನ ಸಮೇತ, ಹಿಡಿದು ನಿಲ್ಲಿಸಿತು.

ಹಿಂದಿರುಗಿ ನೋಡುವ ಮಹತ್ವದ ಹಾಡನ್ನು ಆಕೆ ಬರೆದದ್ದು ಅಚ್ಚರಿಯೆನಿಸುವಷ್ಟು ಬೇಗ. 1975ರ ‘ಡೈಮಂಡ್ಸ್ ಅಂಡ್ ರಸ್ಟ್’, ದೂರದಿಂದ ಬಂದ ದೂರವಾಣಿ ಕರೆಯೊಂದರಿಂದ ಹತ್ತು ವರ್ಷದ ಹಿಂದಿನ ಪ್ರೀತಿ ಎದ್ದು ಬರುವ ಹಾಡು. ನೆನಪು ತಂದುಕೊಡುವುದು ವಜ್ರವನ್ನೂ ಹೌದು, ತುಕ್ಕನ್ನೂ ಹೌದು ಎಂಬುದು ಅದರ ಹುರುಳು. ಬರೆದಾಗ ಆಕೆಗೆ ಮೂವತ್ತನಾಲ್ಕು ಕೂಡ ತುಂಬಿತ್ತೋ ಇಲ್ಲವೋ. ಹತ್ತು ವರ್ಷವೆಂಬುದು ಆಗ ಅಷ್ಟು ದೊಡ್ಡ ದೂರವಾಗಿ ಕಂಡಿತ್ತು. ಮುಂದೆ ನಲವತ್ತಕ್ಕೂ ಹೆಚ್ಚು ವರ್ಷ ಅವರು ಆ ಹಾಡನ್ನು ವೇದಿಕೆಗಳಲ್ಲಿ ಹಾಡುತ್ತಲೇ ಇದ್ದರು. ನೆನಪಿನ ಹಾಡಿಗೇ ನೆನಪುಗಳು ಸುತ್ತಿಕೊಂಡವು. ಯಾವ ಯುವತಿ ಅದನ್ನು ಬರೆದಿದ್ದಳೋ ಅವಳೂ ಈಗ ನೆನೆಯಬೇಕಾದವರ ಸಾಲಿಗೆ ಸೇರಿದಳು.

ಕಂಠದ ಮುಪ್ಪಿಗೆ ದೇಹದ ನಿಯಮಗಳಿವೆ. ಧ್ವನಿಪೆಟ್ಟಿಗೆಯ ಮೃದ್ವಸ್ಥಿ ಗಡುಸಾಗುತ್ತದೆ, ಸ್ನಾಯುಗಳ ಬಿಗಿ ಸಡಿಲುತ್ತದೆ, ಮುಟ್ಟು ನಿಂತ ಬಳಿಕ ಹೆಣ್ಣಿನ ಸ್ವರ ಕೆಳಗಿಳಿಯುತ್ತದೆ. ಮೊದಲು ಹೋಗುವುದು ತಾರಸ್ಥಾಯಿಯ ತುದಿ. ಕಂಪನ ನಿಧಾನವಾಗಿ, ಅಗಲವಾಗಿ, ಗಾಯಕರ ಹಿಡಿತಕ್ಕೆ ಸಿಗದೆ ಹೋಗುತ್ತದೆ. ಬಾಲಕಿಯೊಬ್ಬಳು ಬೆರಳೊತ್ತಿ ಸಂಪಾದಿಸಿದ್ದನ್ನು ಪ್ರಾಯ ಹಿಂದಕ್ಕೆ ಪಡೆಯುತ್ತಿತ್ತು. ಅವರು ಹಾಡುಗಳ ಶ್ರುತಿಯನ್ನು ಇಳಿಸಿದರು, ಮುಟ್ಟಲಾಗದ ಸ್ವರಗಳನ್ನು ಬಿಟ್ಟರು, ಇಳಿದ ಸ್ವರಕ್ಕೆ ಹೊಂದುವ ಹೊಸ ಹಾಡುಗಳನ್ನು ಹುಡುಕಿಕೊಂಡರು. ಹಾಡುವ ಕಾಲ ಮುಗಿಯಿತೆಂದು ತಿಳಿಯುವುದು ಹೇಗೆಂದು ಹಿಂದೊಮ್ಮೆ ಕೇಳಿದಾಗ, ನಿಮ್ಮ ಧ್ವನಿಯೇ ಹೇಳುತ್ತದೆ ಎಂದು ಗಾಯನ ಶಿಕ್ಷಕರು ಉತ್ತರಿಸಿದ್ದರಂತೆ. 2018ರಲ್ಲಿ ಕೊನೆಯ ಧ್ವನಿಮುದ್ರಿಕೆ ಬಂತು. ಅದರಲ್ಲಿರುವುದು ಬೇರೊಂದು ಕಂಠ: ತಗ್ಗಿದ, ಮರಳಿನ ಸ್ಪರ್ಶವಿರುವ, ಪದಗಳ ಮೇಲೆ ಎಚ್ಚರದಿಂದ ಕಾಲಿಡುವ ಕಂಠ. 1960ರ ಹಾಡುಗಳಲ್ಲಿ ನಾನು ಹುಡುಕಿ ಕಾಣದಿದ್ದ ಒರಟುತನ ಇಲ್ಲಿದೆ. ನನ್ನ ಮಟ್ಟಿಗೆ ಇದೇ ಹೆಚ್ಚು ಬೆಲೆಯುಳ್ಳದ್ದು. ಇದನ್ನು ಪಡೆಯಲು ಅವರು ತೆತ್ತದ್ದೇನೆಂದು ಮೊದಲ ಧ್ವನಿಮುದ್ರಿಕೆಯನ್ನು ಕೇಳಿದವರಿಗಷ್ಟೇ ಗೊತ್ತಾಗುತ್ತದೆ. ಕೊನೆಯ ಪ್ರವಾಸಕ್ಕೆ ಇಟ್ಟ ಹೆಸರು ‘ಫೇರ್ ದೀ ವೆಲ್’, ಅದೇ ಮೊದಲ ಧ್ವನಿಮುದ್ರಿಕೆಯಲ್ಲಿದ್ದ ಒಂದು ವಿದಾಯಗೀತೆಯ ಹೆಸರು. 2019ರ ಜುಲೈ 28ರಂದು ಮ್ಯಾಡ್ರಿಡ್‌ನ ತಿಯಾತ್ರೋ ರಿಯಾಲ್‌ನಲ್ಲಿ ಪ್ರವಾಸ ಮುಗಿಯಿತು. ವೇದಿಕೆಯಲ್ಲಿ ಬೆಳ್ಳಿಯ ಬಣ್ಣದ ಗಿಡ್ಡ ಕೂದಲಿನ, ನೆಟ್ಟನೆಯ ನಿಲುವಿನ ವೃದ್ಧೆ. ಆ ಪ್ರವಾಸದುದ್ದಕ್ಕೂ ತಾಳವಾದ್ಯ ನುಡಿಸಿದ್ದು ಮಗ ಗೇಬ್ರಿಯಲ್. ವುಡ್‌ಸ್ಟಾಕ್‌ನ ಆ ರಾತ್ರಿ ತಾಯಿಯ ಗರ್ಭದಲ್ಲಿದ್ದವನು.

ಆ ಕೊನೆಯ ಪ್ರವಾಸದ ಸುತ್ತ ಕಟ್ಟಿದ ‘ಐ ಆಮ್ ಎ ನಾಯ್ಸ್’ ಎಂಬ ಸಾಕ್ಷ್ಯಚಿತ್ರ 2023ರಲ್ಲಿ ತೆರೆಗೆ ಬಂತು. ನೂರು ವರ್ಷ ಬಾಳಿ 2013ರಲ್ಲಿ ತೀರಿಕೊಂಡ ತಾಯಿ, ಮಗಳ ಬದುಕಿನ ಯಾವ ಕಾಗದವನ್ನೂ ಎಸೆದಿರಲಿಲ್ಲ. ಬಾಲ್ಯದ ಚಿತ್ರಗಳು, ದಿನಚರಿಗಳು, ಪ್ರವಾಸದ ಊರುಗಳಿಂದ ಬರೆದ ಪತ್ರಗಳು, ಪತ್ರದ ಬದಲು ಮಾತಾಡಿ ಕಳುಹಿಸಿದ ಧ್ವನಿಸುರುಳಿಗಳು, ಎಲ್ಲವೂ ಒಂದು ದಾಸ್ತಾನು ಕೋಣೆಯಲ್ಲಿ ಪೆಟ್ಟಿಗೆ ಪೆಟ್ಟಿಗೆಯಾಗಿ ಕುಳಿತಿದ್ದವು. ಎಪ್ಪತ್ತೆಂಟರ ಮಗಳು ಆ ಪೆಟ್ಟಿಗೆಗಳ ನಡುವೆ ನಿಂತಿರುವುದನ್ನು ಚಿತ್ರ ತೋರಿಸುತ್ತದೆ. ಅಪ್ಪ ಅಮ್ಮನಿಗೆ ಉತ್ಸಾಹದಿಂದ ಸುದ್ದಿ ಹೇಳುವ ಇಪ್ಪತ್ತರ ಹುಡುಗಿಯ ದನಿ ಕೇಳಿಬರುತ್ತದೆ. ಈ ಭಾಗವನ್ನು ನೋಡುವಾಗ ನನ್ನ ಹಳೆಯ ಪ್ರಶ್ನೆ ಬೇರೆ ರೂಪ ತಾಳಿತು. ಹಳೆಯ ಚಿತ್ರದ ಪಕ್ಕದಲ್ಲಿ ಮುದಿಮುಖವನ್ನಿಟ್ಟು ದುಃಖಿಸುವವರು ನಾವು, ನೋಡುಗರು. ಅವರ ದೃಷ್ಟಿ ಬೇರೆಯೇ ಇತ್ತು. ಆ ಹುಡುಗಿ ಎಷ್ಟು ಹೆದರಿದ್ದಳು, ಯಾರೊಡನೆಯೂ ಹೇಳಲಾಗದೆ ಏನನ್ನೆಲ್ಲ ಒಳಗಿಟ್ಟುಕೊಂಡಿದ್ದಳು ಎಂದು ತಿಳಿದಿದ್ದ ಒಬ್ಬರೇ ಒಬ್ಬರು ಅವರು. ಕಳೆದುಹೋದ ಚೆಲುವಿಗಾಗಿ ಹಂಬಲಿಸುವ ಬದಲು ಆ ಮಗುವನ್ನು ಕೈಹಿಡಿದು ನಡೆಸಿಕೊಂಡು ಬರುವ ಹಿರಿಯ ಹೆಂಗಸಿನ ಮುಖಭಾವ ಅಲ್ಲಿದೆ. ಅಳತೆಗೋಲು ಸಿಕ್ಕಿದ್ದು ಒಳಿತೇ ಆಯಿತೇನೋ ಎಂದು ಆಗ ಅನಿಸಿತು. ಹಳ್ಳಿಯ ಹಾಡುಗಾರ್ತಿಗೆ ತನ್ನ ಹದಿನೆಂಟರ ದನಿಯನ್ನು ಮತ್ತೆ ಕೇಳುವ, ಅದನ್ನು ಸಂತೈಸುವ ಅವಕಾಶ ಎಂದೂ ಬರಲಿಲ್ಲ.

ಹಾಡು ನಿಲ್ಲಿಸಿದ ಮೇಲೆ ಅವರು ಹೆಚ್ಚಾಗಿ ಚಿತ್ರ ಬರೆಯುತ್ತಾರೆ, ಕವಿತೆ ಬರೆಯುತ್ತಾರೆ. ಆ ಸಾಕ್ಷ್ಯಚಿತ್ರ ಬಂದ ವರ್ಷವೇ ಅವರ ರೇಖಾಚಿತ್ರಗಳ ಪುಸ್ತಕವೂ ಬಂತು. ಅದರ ಚಿತ್ರಗಳೆಲ್ಲ ತಲೆಕೆಳಗಾಗಿ ಬರೆದವು. ಮೂಗೋ ಬಾಯಿಯೋ ಹೇಗೆ ಮೂಡಿದೆಯೆಂದು ಕಾಗದವನ್ನು ತಿರುಗಿಸಿದ ಮೇಲೆಯೇ ಸರಿಯಾಗಿ ಕಾಣಬೇಕು. ರೇಖೆಗಳು ನಡುಗುತ್ತವೆ, ಕೈಕಾಲುಗಳು ಅಳತೆ ತಪ್ಪಿವೆ, ಯಾವ ಮುಖಕ್ಕೂ ಸುಂದರವಾಗಿರಬೇಕೆಂಬ ಹಟವಿಲ್ಲ. ಎಂಬತ್ತೆರಡರ ಪ್ರಾಯದಲ್ಲಿ ಆ ಪುಸ್ತಕಕ್ಕೆ ಅವರು ಒಂದು ಪ್ರಶ್ನೆಯನ್ನೇ ಹೆಸರಾಗಿ ಇಟ್ಟಿದ್ದಾರೆ: ಹಾರುವಾಗ ನಾನು ಚೆಂದ ಕಾಣುತ್ತೇನೆಯೇ? ರೆಡ್‌ಲ್ಯಾಂಡ್ಸಿನ ಶಾಲೆಯ ಹುಡುಗಿ ಈ ಮಾತನ್ನು ಯಾರ ಮುಂದೆಯೂ ಆಡಲಾರಳಾಗಿದ್ದಳು. ಈಗ ಅದು ಹೊದಿಕೆಯ ಮೇಲೆ ದೊಡ್ಡ ಅಕ್ಷರಗಳಲ್ಲಿದೆ, ಮತ್ತು ಉತ್ತರ ಏನೇ ಬಂದರೂ ಅವರು ಮರುದಿನ ಇನ್ನೊಂದು ಹಾಳೆಯನ್ನು ತಲೆಕೆಳಗು ಮಾಡಿ ಬರೆಯಲು ಕೂರುತ್ತಾರೆಂದು ಆ ಚಿತ್ರಗಳನ್ನು ನೋಡಿದರೆ ನಂಬಿಕೆ ಬರುತ್ತದೆ.